ನಿಂತಿರೋ ಹಲ್ಲನ್ನ ಯಾಕಕ್ಕ ಕೀಳಿಸ್ಬೇಕು?

ಅಕ್ಕಾ, ಬೇಲಿ ಹತ್ರ ಬಾ ಸ್ವಲ್ಪ. ಭಾವ ಇರೋ ಹಲ್ಲನ್ನೆಲ್ಲ ಕೀಳಿಸಿ ಒಂದೇ ಸಲ ಫುಲ್ ಸೆಟ್ ಹಾಕಿಸ್ಕೋತೀನಿ ಅಂತ ಕೂತವ್ರಂತೆ, ಹೌದಾ? ಬೇಡ ಕಣಕ್ಕ, ತಡಿ. ಕೆಳಗಡೆ ಮುಂದಿನ ಹಲ್ಲು ಇನ್ನೂ ಗಟ್ಟಿಯಾಗವೆ ಅಂತ ನೀನೇ ಹೇಳಿದ್ದೆ ತಾನೆ? ಅವು ಬಾಯಲ್ಲಿರೋವರೆಗೂ ಅವರಿಗೆ ದಾರಿ ಐತೆ.

ನಮ್ಮ ಚನ್ನರಾಯಪಟ್ಟಣದ ಕಡೆ ದವಡೆ ಹಲ್ಲು ಹೋದ್ರೂ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗೋದೇ ಅಲ್ವಾ, ಅಗಿಯೋರು ಯಾರು? ಅವರೆಕಾಯಿ ಕಾಲ ಬಂದ್ರೂ ಹಿತುಕಿದ ಬೇಳೆ ಸಾರು, ಅದೂ ಮೆತ್ತಗೇ. ಹಂಗೇ ನಡೀತಾ ನಡೀತಾ ಕೊಬ್ಬರಿ ಚೂರು ಬಿಟ್ಟೋಗತ್ತೆ, ಕೋಡುಬಳೆ ಬಿಟ್ಟೋಗತ್ತೆ, ಕಡ್ಲೆಕಾಯಿ, ಕಬ್ಬು, ನಾಟಿಕೋಳಿ ಎಲ್ಲಾ ಬಿಟ್ಟೋಗತ್ತೆ. ನಮ್ಮತ್ತೆ ಹಂಗೇ ವರ್ಷಗಟ್ಲೆ ತಳ್ಳಿದ್ರು. ತೆಂಗಿನ ಸೀಮೇಲಿ ಹುಟ್ಟಿ ಕೊಬ್ಬರಿ ಕಡಿಯೋಕಾಗ್ದೆ ಕೂರೋದು ನೋಡೋಕೆ ನಂಗೆ ಸಂಕಟ ಆಗ್ತಿತ್ತು.

ಹೋದ ಹಲ್ಲು ಹೋಯ್ತು ಬಿಡು ಅಂತೀವಿ. ಆದ್ರೆ ಆ ಜಾಗಕ್ಕೆ ಪಕ್ಕದ ಹಲ್ಲು ವಾಲ್ಕೊಂಡು ಬರತ್ತೆ. ಎದುರು ದವಡೆ ಹಲ್ಲಿಗೆ ತಡೆಯೋದೇನೂ ಇಲ್ಲ ನೋಡು, ಅದೂ ನಿಧಾನಕ್ಕೆ ಉದ್ದ ಬರತ್ತೆ. ಸಂದೀಲಿ ಅನ್ನ ಸಿಕ್ಕಿ ಒಳ್ಳೆ ಹಲ್ಲೂ ಹುಳುಕಾಗತ್ತೆ. ಒಂದು ಹೋಗಿದ್ದು ನಾಲ್ಕು ಹೋಗೋದು ಹಿಂಗೇ. ಬಹಳ ಜನಕ್ಕೆ ಮೊದ್ಲು ಹೋಗೋದು 6 ವರ್ಷಕ್ಕೆ ಹುಟ್ಟೋ ದವಡೆ ಹಲ್ಲು. ಹಾಲುಹಲ್ಲು, ಬಿದ್ದು ಇನ್ನೊಂದು ಬರತ್ತೆ ಅಂತ ಅಪ್ಪ ಅಮ್ಮ ಬಿಟ್ಟಿರ್ತಾರೆ. ಅದು ಬೀಳೋ ಹಲ್ಲಲ್ಲ, ಜೀವಮಾನಕ್ಕೆ ಬಂದಿದ್ದು. ನಿನ್ನ ಮೊಮ್ಮಗಳ ಬಾಯೂ ಒಂದ್ಸಲ ತೆಗ್ಸಿ ನೋಡು.

ಫುಲ್ ಸೆಟ್ ಅಂದ್ರೆ ಭಾವ ಏನಂದ್ಕೊಂಡವ್ರೋ! ಮೇಲ್ದವಡೇದು ಪರವಾಗಿಲ್ಲ, ಅಂಗುಳ ಅಗಲವಾಗೈತೆ, ಅದಕ್ಕೆ ಹೀರ್ಕೊಂಡು ಕೂರತ್ತೆ. ಕೆಳಗಡೆ ಅಂಗುಳ ಎಲ್ಲೈತೆ? ನಾಲಿಗೆ ಆಡ್ದಾಗೆಲ್ಲ ಸೆಟ್ಟು ಎದ್ದೆದ್ದು ಬರತ್ತೆ. ಹಲ್ಲು ಕಿತ್ತ ಮೇಲೆ ಮೂಳೆ ಬೇರೆ ವರ್ಷದಿಂದ ವರ್ಷಕ್ಕೆ ಸವೀತಾ ಹೋಗತ್ತೆ, ಮೊದ್ಲು ಬಿಗಿಯಾಗಿದ್ದಿದ್ದೂ ಸಡಿಲ ಆಗತ್ತೆ. ಅದಕ್ಕೇ ಕೆಳಗಿನ ನಾಲ್ಕು ಗಟ್ಟಿ ಹಲ್ಲು ಚಿನ್ನ ಅನ್ನೋದು ನಾನು. ಅವನ್ನ ಉಳಿಸ್ಕೊಂಡು ಹೋದ ಜಾಗಕ್ಕೆ ಮಾತ್ರ ಕಟ್ಟಿಸ್ಕೊಂಡ್ರೆ ಕೊಕ್ಕೆ ಹಿಡಿಯೋಕೆ ಆಧಾರ ಇರತ್ತೆ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ 1789ರಲ್ಲಿ ಅಧಿಕಾರ ಹಿಡಿದಾಗ ಬಾಯಲ್ಲಿ ಉಳಿದಿದ್ದು ಒಂದೇ ಒಂದು ಸ್ವಂತ ಹಲ್ಲು. ನೀರಾನೆ ದಂತದಲ್ಲಿ ಸೆಟ್ಟು ಮಾಡಿದ ವೈದ್ಯ ಆ ಒಂದು ಹಲ್ಲಿಗೆ ತೂತು ಬಿಟ್ಟು ಕೂರಿಸಿದ್ದನೇ ಹೊರತು ಆಗ ಕೀಳಲಿಲ್ಲ.

ಹೂಂ, ಅಲ್ಲಾಡದೇ ಇರೋ ಹಲ್ಲು ಅಂತಾನೇ ನಾನು ಹೇಳ್ತಿರೋದು. ವಸಡು ಕರಗಿ ಬೆರಳಲ್ಲಿ ಆಡೋ ಹಲ್ಲಿದ್ರೆ ಡಾಕ್ಟ್ರೇ ತೆಗೀಬೇಕು ಅಂತಾರೆ, ಅದು ಬೇರೆ ಮಾತು. ಭಾವನಿಗೆ ಸಕ್ಕರೆ ಕಾಯಿಲೆ ಐತೆ, ಸಕ್ಕರೆ ಹಿಡಿತಕ್ಕೆ ಬರದಿದ್ರೆ ವಸಡು ನಿಲ್ಲಲ್ಲ. ಆ ಹೊಗೆಸೊಪ್ಪೂ ಬಿಡ್ಬೇಕು ಕಣಕ್ಕ. ಹಲ್ಲಿಗಷ್ಟೇ ಅಲ್ಲ, ಬಾಯಿ ಕ್ಯಾನ್ಸರ್ ತರೋ ಸೊಪ್ಪು ಅದು.

ಕಟ್ಟಿಸೋದ್ರಲ್ಲಿ ಬೇರೆ ಬೇರೆ ಥರ ಅವೆ. ಅಕ್ರಿಲಿಕ್‌ದು ಕಡಿಮೆ ಖರ್ಚು, ಆದ್ರೆ ದಪ್ಪ. ಲೋಹ ಎರಕ ಹೊಯ್ದು ಮಾಡೋದು ತೆಳ್ಳಗಿರತ್ತೆ, ಭಾರ ವಸಡಿನ ಮೇಲಷ್ಟೇ ಬೀಳದೆ ಹಲ್ಲಿನ ಮೇಲೂ ಹಂಚ್ಕೊಳ್ಳತ್ತೆ; ದುಡ್ಡಿದ್ರೆ ಅದೇ ಒಳ್ಳೇದು. ಬ್ರಿಡ್ಜು, ಇಂಪ್ಲಾಂಟು ಎಲ್ಲಾರ ಕೈಗೂ ಎಟುಕಲ್ಲ.

ಹಾಕಿಸ್ಕೊಂಡ ಮೇಲೆ ಮೊದಮೊದ್ಲು ಬಾಯಿ ತುಂಬಾ ಎಂಜಲು ಬರತ್ತೆ, ಮಾತು ತೊದಲತ್ತೆ. ನಮ್ಮತ್ತೆ ಬೇಡವೇ ಬೇಡ ಅಂತ ಎತ್ತಿಟ್ಟಿದ್ರು. ಒಂದು ಕಡೆ ಚುಚ್ಚಿ ಹುಣ್ಣಾಗಿತ್ತು, ವಾಪಸ್ ಕರ್ಕೊಂಡು ಹೋದೆ, ಡಾಕ್ಟ್ರು ಆ ಜಾಗ ನೋಡಿ ಉಜ್ಜಿ ಕೊಟ್ರು, ಸರಿಹೋಯ್ತು. ಮನೇಲಿ ಬ್ಲೇಡು, ಅರ ತಗೊಂಡು ಕೆರೆಯೋಕೆ ಮಾತ್ರ ಬಿಡ್ಬೇಡ. ರಾತ್ರಿ ತೆಗೆದು ತಣ್ಣೀರಲ್ಲಿ ಇಡ್ಬೇಕು, ಬಿಸಿನೀರಲ್ಲಿ ಸೊಟ್ಟಗಾಗತ್ತೆ. ಪೇಸ್ಟಲ್ಲಿ ಉಜ್ಜಿದ್ರೆ ಗೀರು ಬೀಳತ್ತೆ, ಸೋಪು ಸಾಕು. ಉಳಿದ ಸ್ವಂತ ಹಲ್ಲನ್ನ, ಅದ್ರಲ್ಲೂ ಕೊಕ್ಕೆ ಕೂರೋ ಹಲ್ಲನ್ನ, ದಿನಾ ಎರಡು ಸಲ ಉಜ್ಜಲೇಬೇಕು. ಒಂದೆರಡು ಹಲ್ಲಿನ ಚಿಕ್ಕ ಸೆಟ್ಟು ಹಾಕ್ಕೊಂಡು ಮಲಗಬಾರ್ದು, ನಿದ್ದೇಲಿ ಗಂಟಲಿಗೆ ಇಳಿದು ಅನ್ನನಾಳದಲ್ಲಿ ಸಿಕ್ಕೊಂಡ್ರೆ ಆಪರೇಷನ್ನೇ ಗತಿ.

ದುಡ್ಡಿನ ಮಾತಾ? ಅದಕ್ಕೇ ಸರ್ಕಾರದ ದಂತಭಾಗ್ಯ ಐತಲ್ಲ. 2014ರಲ್ಲಿ ಶುರು ಮಾಡ್ದಾಗ 60 ದಾಟಿದ ಬಿಪಿಎಲ್ ಕಾರ್ಡಿನೋರಿಗೆ, ಅದೂ ಬಾಯಲ್ಲಿ ಒಂದೂ ಹಲ್ಲಿಲ್ಲದೋರಿಗೆ ಪೂರ್ತಿ ಸೆಟ್ಟು ಕೊಡ್ತಿದ್ರು. ಆಮೇಲೆ ವಯಸ್ಸನ್ನ 45ಕ್ಕೆ ಇಳಿಸಿ, ಕೆಲವು ಹಲ್ಲು ಹೋದೋರಿಗೂ ಕಟ್ಟಿ ಕೊಡೋ ಹಂಗೆ ಮಾಡಿದ್ರು. ನನ್ನ ಕೇಳಿದ್ರೆ ಈ ಎರಡನೇದೇ ದೊಡ್ಡ ಕೆಲಸ. ಪುಕ್ಕಟೆ ಸೆಟ್ಟಿಗೋಸ್ಕರ ಒಳ್ಳೆ ಹಲ್ಲು ಕಳ್ಕೊಳ್ಳೋ ಯೋಚನೆ ಯಾವ ಬಡವನಿಗೂ ಬರಬಾರ್ದು.

ಮೊದ್ಲು ನಮ್ಮ ತಾಲ್ಲೂಕು ಆಸ್ಪತ್ರೇಲಿ ಹಲ್ಲಿನ ಡಾಕ್ಟ್ರಿಗೆ ತೋರ್ಸಿ, ಯೋಜನೆ ಈಗ ಯಾವ ಕಾಲೇಜಲ್ಲಿ ನಡೀತೈತೆ ಅಂತ ಅವ್ರನ್ನೇ ಕೇಳಿ. ಹಾಸನದಲ್ಲಿ ಹಾಸನಾಂಬ ದಂತ ಕಾಲೇಜೂ ಐತೆ, ಬಸ್ಸಲ್ಲಿ ಸುಮಾರು 40 ಕಿಲೋಮೀಟರ್ ಅಷ್ಟೇ. ಅಳತೆ ತಗೊಳ್ಳೋದು, ಕಚ್ಚಿಸಿ ನೋಡೋದು, ಕೊನೆಗೆ ಕೂರ್ಸೋದು ಅಂತ ಹಲವು ಸಲ ಓಡಾಡ್ಬೇಕು, ಅದನ್ನ ಭಾವನಿಗೆ ಮೊದಲೇ ಹೇಳಿಟ್ಟಿರು, ಮಧ್ಯ ಬೇಜಾರಾಗಿ ಬಿಟ್ಟಾರು. ರೇಷನ್ ಕಾರ್ಡು, ಆಧಾರ್ ಜೊತೆಗೆ ಸಕ್ಕರೆ ಟೆಸ್ಟಿನ ಚೀಟೀನೂ ಇಟ್ಕೊ. ಸೋಮವಾರ ಹೋಗೋದಾದ್ರೆ ಹೇಳು, ನಾನೂ ಬರ್ತೀನಿ.