ಹುಳಾನೇ ವಾಸಿ

ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಎರಡೂವರೆ ವರ್ಷದ ಕೂಸಿಗೆ ಅನ್ನ ತಿನ್ನಿಸಲು ಮೂವರು ಬೇಕು. ಒಬ್ಬರು ಫೋನ್ ಹಿಡಿಯಲು, ಒಬ್ಬರು ತುತ್ತು ಹಿಡಿಯಲು, ಮತ್ತೊಬ್ಬರು ಬಾಲ್ಕನಿಯಲ್ಲಿ ಕಾಗೆ ತೋರಿಸಲು. ಕಾಗೆ ನಮ್ಮ ಕಡೆ ಬರುವುದು ಅಪರೂಪ, ಪಾರಿವಾಳದಲ್ಲೇ ಸುಧಾರಿಸುತ್ತೇವೆ.

ಶಿಡ್ಲಘಟ್ಟದಿಂದ ಬಂದ ನಮ್ಮತ್ತೆಗೆ ಇದೆಲ್ಲ ನಾಟಕ. ಅವರು ರೇಷ್ಮೆ ಹುಳ ಸಾಕಿದವರು. ಹಿಪ್ಪುನೇರಳೆ ಸೊಪ್ಪು ಹರಡಿದರೆ ಸಾಕು, ಹುಳಗಳು ಚರಚರ ತಿನ್ನುತ್ತವೆ. ಪೊರೆ ಕಳಚುವ ನಾಲ್ಕು ‘ಜ್ವರ’ ಮುಗಿಸಿ, 25 ದಿನದ ಆಸುಪಾಸಿಗೆ ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರ ತಟ್ಟೆಯಲ್ಲಿ ತಮ್ಮ ಗೂಡು ತಾವೇ ಕಟ್ಟಿಕೊಳ್ಳುತ್ತವೆ.

“ನಿಮ್ಮೋನು ಇನ್ನೂ ಚಡ್ಡಿ ಹಾಕ್ಕೊಳ್ಳಲ್ಲ. ಹುಳಾನೇ ವಾಸಿ ಕಣಮ್ಮ,” ಎಂದರು.

“ಹುಳಕ್ಕೆ ಪ್ಲೇಸ್ಕೂಲ್ ಫೀಸೂ ಇಲ್ಲ ಬಿಡಿ ಅತ್ತೆ,” ಎಂದೆ.

ದಸರೆಗೆ ಊರಿಗೆ ಹೋದೆವು. ಮಗ ಜಗಲಿ ಮೇಲೆ ಕೂತು, ಮೂಗು ಕಿವಿಗೆಲ್ಲ ಬಸ್ಸಾರು ಬಳಿದುಕೊಂಡು, ಫೋನಿಲ್ಲದೆ ಮುದ್ದೆ ನುಂಗಿದ! ಅತ್ತೆ ಏನೂ ಅನ್ನಲಿಲ್ಲ. ಅನ್ನದಿರುವುದೇ ಹೆಚ್ಚು ಚುಚ್ಚುತ್ತದೆ ಎಂದು ಅವರಿಗೆ ಗೊತ್ತು.

ವಾಪಸಾಗುವಾಗ ಸಾದಹಳ್ಳಿ ಟೋಲ್ ದಾಟುವ ಮೊದಲೇ “ಫೋನ್!” ಶುರು. ಈಗ ಫೋನೂ ಬೇಕು, ಮುದ್ದೆಯೂ ಬೇಕು, ಕೂರಲು ಜಗಲಿಯೂ ಬೇಕು. ಲಿಫ್ಟ್ ಪಕ್ಕದ ಮೆಟ್ಟಿಲನ್ನೇ ಜಗಲಿ ಮಾಡಿದ್ದೇವೆ. ಬಸ್ಸಾರಿನ ಕಲೆ ಯಾರದ್ದೆಂದು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ವಿಚಾರಣೆ ನಡೆಯುತ್ತಿದೆ. ನಾನೂ “ಛೇ ಛೇ” ಎಂದು ಹಾಕಿದ್ದೇನೆ.