ಸಾಲಿಗೆ ಯಜಮಾನ ಯಾರು?

ಸಂಜೆ ಆಯ್ತು ಅಂದ್ರೆ ತುಂಗೆಯ ಮೇಲೆ ಬೆಳ್ಳಕ್ಕಿ ಸಾಲು ಶುರು. ನೀವೂ ನೋಡಿರ್ತೀರಿ ಬಿಡಿ. ಮಂಡಗದ್ದೆಯಲ್ಲಂತೂ ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳೆಲ್ಲ ಬೆಳ್ಳಗಾಗಿರ್ತವೆ. ನಂಗಿರೋ ಕುತೂಹಲ ಅಂದ್ರೆ, ಆ ಸಾಲಿಗೆ ಯಜಮಾನ ಯಾರು ಅಂತ. ಮುಂದೆ ಹಾರೋದೇ ಯಜಮಾನ ಅನ್ನೋಣ ಅಂದ್ರೆ, ನೋಡ್ತಾ ನೋಡ್ತಾ ಅದು ಹಿಂದೆ ಸರಿದು ಇನ್ಯಾವುದೋ ಮುಂದೆ ಬಂದಿರುತ್ತೆ. ಸಾಲು ಬಾಗುತ್ತೆ, ಬಳುಕುತ್ತೆ, ಆದರೆ ಚೆದುರೋದಿಲ್ಲ. ಕುವೆಂಪು ಅವರ ‘ದೇವರು ರುಜು ಮಾಡಿದನು’ ಹುಟ್ಟಿದ್ದು ತುಂಗೆಯ ಮೇಲಿನ ಇಂಥದ್ದೇ ಬೆಳ್ಳಕ್ಕಿ ಹಿಂಡಿನಿಂದ ಅಲ್ವಾ? ಆ ರುಜುವಿನ ಗೆರೆ ತುಂಡಾಗದೆ ಹೇಗೆ ಉಳಿಯುತ್ತೆ ಅಂತ ಲೆಕ್ಕ ಹಾಕೋಕೆ ಹೊರಟವರೂ ಇದ್ದಾರೆ, ಗೊತ್ತಾ?

ರೋಮ್ ಪಟ್ಟಣದಲ್ಲಿ ಚಳಿಗಾಲಕ್ಕೆ ಕಬ್ಬಕ್ಕಿಗಳು ಸಾವಿರ ಸಾವಿರ ಬಂದಿಳಿಯುತ್ತವೆ. ಅಲ್ಲಿನ ಭೌತವಿಜ್ಞಾನಿಗಳು ರೈಲ್ವೆ ಸ್ಟೇಷನ್ ಹತ್ತಿರದ ಮ್ಯೂಸಿಯಂ ಮಾಳಿಗೆ ಹತ್ತಿ ಕ್ಯಾಮೆರಾ ಹೂಡಿ, ಆಕಾಶದಲ್ಲಿ ಒಂದೊಂದು ಹಕ್ಕಿ ಎಲ್ಲೆಲ್ಲಿದೆ ಅಂತ ಗುರುತು ಹಾಕಿದರು. 2021ರಲ್ಲಿ ನೊಬೆಲ್ ಪಡೆದ ಜಾರ್ಜಿಯೋ ಪಾರಿಸಿ ಕೂಡ ಆ ಗುಂಪಿನಲ್ಲಿದ್ದರು. 2008ರಲ್ಲಿ ಅವರು ಹೇಳಿದ್ದು ಇಷ್ಟು: ಪ್ರತಿ ಹಕ್ಕಿ ಗಮನಿಸೋದು ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಇಷ್ಟು ಅಡಿ ದೂರದೊಳಗೆ ಇರೋರು ಅಂತಲ್ಲ, ಲೆಕ್ಕಕ್ಕೆ ಆರೇಳು. ಇದರಲ್ಲೇ ಇರೋದು ಸ್ವಾರಸ್ಯ. ಗಿಡುಗ ನುಗ್ಗಿದಾಗ ಹಿಂಡು ಹಿಗ್ಗಿ ಎಲ್ಲರೂ ದೂರ ದೂರ ಆಗ್ತಾರಲ್ಲ, ದೂರವನ್ನೇ ನಂಬಿಕೊಂಡಿದ್ದರೆ ಆಗ ಸಂಬಂಧ ಕಡಿದೇ ಹೋಗ್ತಿತ್ತು. ಆರೇಳು ಜನ ಅಂತ ಹಿಡಕೊಂಡಿದ್ದಕ್ಕೆ, ಎಷ್ಟೇ ಹಿಗ್ಗಿದರೂ ನೆಂಟಸ್ತಿಕೆ ಉಳೀತು. ಎಂಥಾ ಬುದ್ಧಿ ನೋಡಿ!

ಹಕ್ಕಿ ಮಾತು ಬಂತು ಅಂತ ಮೀನೂ ನೆನಪಾಯ್ತು. ತೀರ್ಥಹಳ್ಳಿ ಕಡೆ ಹೋದಾಗ ಸಿಬ್ಬಲುಗುಡ್ಡೆಯಲ್ಲಿ ಇಳಿಯೋದು ನಮ್ಮನೆಯಲ್ಲಿ ರೂಢಿ. ನಮ್ಮಮ್ಮ ಸೆರಗಲ್ಲಿ ಮಂಡಕ್ಕಿ ಕಟ್ಟಿಕೊಂಡೇ ಹೊರಡೋರು. ದಾರಿಯಲ್ಲಿ ಅದರಲ್ಲಿ ಅರ್ಧ ನಮ್ಮ ಹೊಟ್ಟೆಗೇ ಹೋಗ್ತಿತ್ತು ಅನ್ನಿ. ಉಳಿದಿದ್ದನ್ನ ಹೊಳೆಗೆ ಒಂದು ಹಿಡಿ ಎಸೆದರೆ ಸಾಕು, ಇಷ್ಟಿಷ್ಟು ದಪ್ಪದ ಮೀನುಗಳು ಒಂದೇ ಮೈ ಅನ್ನೋ ಹಾಗೆ ತಿರುಗಿಬಿಡ್ತಿದ್ದವು. ಎಲ್ಲಕ್ಕೂ ಮಂಡಕ್ಕಿ ಕಂಡಿತ್ತಾ? ಹಿಂದಿನವಕ್ಕೆ ಹೇಗೆ ಕಾಣಬೇಕು ಹೇಳಿ.

ಇದಕ್ಕೆ ಹತ್ತಿರದ ಮಾತನ್ನ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ ಹೇಳಿದ್ದಾರೆ. ವಿಶ್ವೇಶ ಗುತ್ತಲ್ ಅವರ ತಂಡ ಮೀನುಗಳನ್ನ ತೊಟ್ಟಿಗೆ ಬಿಟ್ಟು ನೋಡಿತು. ಹದಿನೈದರ ಗುಂಪು, ಮೂವತ್ತರದ್ದು, ಅರವತ್ತರದ್ದು. ಯಾವ ಮೀನು ಅಂತೀರಿ? ಕೇರಳದವರು ಬಾಳೆಲೆಯಲ್ಲಿ ಸುತ್ತಿ ಸುಡ್ತಾರಲ್ಲ, ಅದೇ ಕರಿಮೀನು! 2020ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಮೀನು ಒಂದು ಸಲಕ್ಕೆ ಒಂದೇ ಒಂದು ಮೀನನ್ನ ಅನುಕರಿಸಿದರೂ ಸಾಕಂತೆ, ಇಡೀ ಗುಂಪು ಒಂದೇ ದಿಕ್ಕಿಗೆ ತಿರುಗೋಕೆ. ಹಕ್ಕಿಗೆ ಆರೇಳು, ಮೀನಿಗೆ ಒಂದು!

ಅದಕ್ಕಿಂತ ಸೋಜಿಗದ್ದು ಇನ್ನೊಂದಿದೆ. ಗುಂಪು ಚಿಕ್ಕದಿದ್ದಷ್ಟೂ ಶಿಸ್ತು ಜಾಸ್ತಿ, ಅದೂ ಆಕಸ್ಮಿಕದ ದಯೆಯಿಂದ. ನಾಲ್ಕು ಜನ ಮಾತಾಡ್ತಾ ನಿಂತಾಗ ಒಬ್ಬರು ಸುಮ್ಮನೆ ಕಾಫಿ ಹೋಟೆಲ್ ಕಡೆ ತಿರುಗಿದರೆ ಉಳಿದ ಮೂವರೂ ಹೊರಟುಬಿಡ್ತಾರೆ. ಮದುವೆ ಛತ್ರದ ಜನವನ್ನ ಹಾಗೆ ಹೊರಡಿಸೋಕಾಗುತ್ತಾ? ದೊಡ್ಡ ಗುಂಪಿನಲ್ಲಿ ಇಂಥ ಆಕಸ್ಮಿಕಗಳು ಒಂದನ್ನೊಂದು ಅಳಿಸಿಹಾಕ್ತವೆ. ಈ ಆಕಸ್ಮಿಕಗಳನ್ನೇ ವಿಜ್ಞಾನಿಗಳು ‘ಗದ್ದಲ’ ಅನ್ನೋದು. ನಾನಂತೂ ಗದ್ದಲ ಅಂದ್ರೆ ಶಿಸ್ತಿನ ಶತ್ರು ಅಂತಲೇ ಕೇಳಿಕೊಂಡು ಬೆಳೆದವಳು. ಇಲ್ಲಿ ಗದ್ದಲವೇ ಶಿಸ್ತನ್ನ ಹುಟ್ಟಿಸುತ್ತೆ ಅಂದ್ರೆ ಖುಷಿಯಾಗಲ್ವಾ?

ಮನುಷ್ಯರೇನು ಕಮ್ಮಿ ಅಂತೀರಾ? ಭದ್ರಾವತಿಯ ಚಿಕ್ಕಪ್ಪನ ಮನೆಗೆ ರಜೆಗೆ ಹೋದಾಗ ನಮಗೆ ದೊಡ್ಡ ಮನರಂಜನೆ ಅಂದ್ರೆ ಕಬ್ಬಿಣದ ಕಾರ್ಖಾನೆಯ ಶಿಫ್ಟ್ ಬಿಡೋ ಹೊತ್ತು. 1923ರಿಂದ ಉರಿದ ಕುಲುಮೆ ಅದು, ಆಗ ಊರಿನ ಗಡಿಯಾರವೂ ಅದೇ. ಬಿಟ್ಟವರ ಸೈಕಲ್ಲು ಈ ಕಡೆ, ಒಳಗೆ ಹೋಗೋರ ಸೈಕಲ್ಲು ಆ ಕಡೆ. ಕೈ ತೋರಿಸೋ ಪೊಲೀಸರಿಲ್ಲ, ರಸ್ತೆ ಮೇಲೆ ಗೆರೆ ಇಲ್ಲ. ಆದರೂ ಎರಡು ಹೊಳೆ ತಂತಮ್ಮ ಪಾಡಿಗೆ ಹರಿದ ಹಾಗೆ! ಜರ್ಮನಿಯ ಡಿರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೋಲ್ನಾರ್ 1995ರಲ್ಲಿ ಕಂಪ್ಯೂಟರಿನಲ್ಲಿ ಇದನ್ನೇ ತೋರಿಸಿದ್ದು. ಎದುರಿನವರಿಗೆ ಡಿಕ್ಕಿ ಹೊಡೆಯದ ಹಾಗೆ ಒಬ್ಬೊಬ್ಬರು ಚೂರು ಸರಿದರೂ ಸಾಕು, ಸಾಲು ತಾನಾಗಿ ಬೀಳುತ್ತೆ.

2009ರಲ್ಲಿ ಇನ್ನೂ ಮಜವಾದ ಅಧ್ಯಯನ ಬಂತು. ಜರ್ಮನರನ್ನೂ ನಮ್ಮವರನ್ನೂ ಒಬ್ಬರ ಹಿಂದೆ ಒಬ್ಬರಂತೆ ಸುತ್ತು ಹಾಕಿಸಿ ಅಳೆದರು. ಜನ ಹೆಚ್ಚಾದಾಗ ಜರ್ಮನರ ನಡಿಗೆ ಇಳಿದಷ್ಟು ನಮ್ಮವರದ್ದು ಇಳಿಯಲಿಲ್ಲ. ನಾವು ಮುಂದಿನವರ ಬೆನ್ನಿಗೆ ಅಂಟಿಕೊಂಡೇ ನಡೀತೀವಲ್ಲ! ದೀಪಾವಳಿಗೆ ಮುಂಚೆ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿದವರಿಗೆ ಇದನ್ನ ಹೇಳಿಕೊಡಬೇಕಾ?

ಆದರೆ ಈ ಅಂಟಿಕೊಳ್ಳೋ ಗುಣಕ್ಕೂ ಒಂದು ಮಿತಿ ಇದೆ. ಒಂದು ಚದರ ಮೀಟರಿಗೆ ಏಳು ಜನ ಆದ್ರೋ, ಆಮೇಲೆ ನಾವು ನಡೆಯೋದಲ್ಲ, ನೀರಿನ ಹಾಗೆ ತಳ್ಳಿಸಿಕೊಂಡು ಹೋಗೋದು. ಪಕ್ಕದವರು ಯಾರು, ಎಲ್ಲಿ ತಿರುಗಿದರು ಅಂತ ನೋಡೋಕೂ ಆಗಲ್ಲ. ಹಿಂದಿನವರಿಗೆ ಮುಂದೇನಾಗ್ತಿದೆ ಅನ್ನೋದೂ ತಿಳಿಯಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವ ಹೋಯ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತೆ. ಅಲ್ಲಿ ಸೇರಿದವರು ಕೆಟ್ಟವರಲ್ಲ, ಒರಟರೂ ಅಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ಹೆಜ್ಜೆ ಇಡೋಕೆ ಜಾಗವೇ ಇರಲಿಲ್ಲ, ಅಷ್ಟೇ.

ಅದಕ್ಕೇ ಹೇಳೋದು ನಾನು, ಗುಂಪಿಗೆ ಯಜಮಾನ ಇಲ್ಲದಿದ್ದರೂ ನಡೆಯುತ್ತೆ, ಜಾಗ ಇಲ್ಲದಿದ್ದರೆ ನಡೆಯಲ್ಲ. ಎರಡು ವರ್ಷಕ್ಕೊಮ್ಮೆ ಬರೋ ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆಗೆ ಮೈಕು, ಬ್ಯಾರಿಕೇಡು ಎಲ್ಲ ಬೇಕು ನಿಜ. ಅದರ ಜೊತೆಗೆ ಹೋಗೋ ದಾರಿ ಬೇರೆ, ಬರೋ ದಾರಿ ಬೇರೆ ಮಾಡಿ, ಎರಡನ್ನೂ ಅಗಲ ಇಟ್ಟರೆ ಉಳಿದದ್ದನ್ನ ಜನ ತಾವೇ ಮಾಡಿಕೊಳ್ತಾರೆ. ಹಕ್ಕಿ, ಮೀನು ಮಾಡಿಕೊಳ್ಳುತ್ತವಂತೆ, ನಮ್ಮ ಕೈಲಿ ಆಗಲ್ವಾ?