ಬುಡ ಕಳಚಿಕೊಂಡವರ ಜೊತೆ ಒಂದು ಮಾತು

(ಶಿರಸಿಯ ಒಂದು ಅಡುಗೆಮನೆ. ಅನಾನಸ್ ಜಾಮು ತುಂಬುವಾಗ ತಳ ಬಿಟ್ಟ ಗಾಜಿನ ಬಾಟಲಿ ಹಳೇ ಪೇಪರು ಹೊದ್ದು ಕಸದ ಗಾಡಿಗೆ ಕಾಯುತ್ತಿದೆ.)

ದೃಷ್ಟಿ ತಾಗಿತು ಅಂತಿದ್ದಾರೆ ಮನೆಯವರು.

ದೃಷ್ಟಿಯಲ್ಲ, ಗ್ರಾನೈಟು! ತಣ್ಣಗಿನ ಒದ್ದೆ ಕಟ್ಟೆ ಮೇಲೆ ಕೂರಿಸಿ, 100 ಡಿಗ್ರಿ ದಾಟಿ ಕುದಿದ ಜಾಮು ಸುರಿದರು. ಒಳಮೈ ಹಿಗ್ಗಿತು. ಹೊರಮೈಗೆ ಸುದ್ದಿಯೇ ಮುಟ್ಟಿರಲಿಲ್ಲ. ನಮ್ಮ ಗಾಜಿನಲ್ಲಿ ಬಿಸಿ ಹರಿಯುವುದು ಸರ್ಕಾರಿ ಕಡತದ ವೇಗದಲ್ಲಿ. ಅದುಮಿದರೆ ತಡೆದುಕೊಳ್ಳುವವರು ನಾವು, ಎಳೆದರೆ ಸೋಲುತ್ತೇವೆ. ಹೊರಮೈಗೆ ಎಳೆತ ಬಿತ್ತು. ತಳ ಉಂಗುರದ ಹಾಗೆ ಕಳಚಿತು.

ತಲೆಬುಡವಿಲ್ಲದ ಮಾತಾಯ್ತಲ್ಲ!

ತಲೆ ಇದೆ, ಮುಚ್ಚಳ ಸಮೇತ. ಬುಡ ಮಾತ್ರ ಇಲ್ಲ.

ಬಿಸಿ ಅಂದರೆ ಭಯವೇ?

1,400 ಡಿಗ್ರಿ ದಾಟಿದ ಕುಲುಮೆಯಲ್ಲಿ ಹುಟ್ಟಿದವನು ನಾನು! ಉಗುರುಬೆಚ್ಚಗಿನ ನೀರಲ್ಲಿಟ್ಟು ನಿಧಾನ ಕಾಯಿಸಿದ್ದರೆ, ಮರದ ಮಣೆ ಮೇಲೆ ಕೂರಿಸಿ ತುಂಬಿದ್ದರೆ, ಬಿಸಿ ಜಾಮನ್ನು ಸುಮ್ಮನೆ ಕುಡಿದುಬಿಡುತ್ತಿದ್ದೆ. ಪಾತ್ರೆಯಲ್ಲಿ ಕುದಿಸುವಾಗಲೂ ಅಡಿಗೆ ಮಡಿಸಿದ ಬಟ್ಟೆ ಬೇಕು. ಇಲ್ಲದಿದ್ದರೆ ಕುದಿತಕ್ಕೆ ಕುಣಿದು ಪಕ್ಕದವನಿಗೆ ಡಿಕ್ಕಿ.

ಬಟ್ಟೆ, ಮಣೆ... ಇಷ್ಟೊಂದು ಉಪಚಾರವೇ?

ಬಾಟಲಿಯಲ್ಲಿ ಆಹಾರ ಕೆಡದಂತಿಡುವ ವಿದ್ಯೆಗೆ ಫ್ರಾನ್ಸ್ ಸರ್ಕಾರದಿಂದ 1810ರಲ್ಲಿ 12,000 ಫ್ರಾಂಕ್ ಪಡೆದ ನಿಕೋಲಾ ಅಪ್ಪೇರ್, ಪ್ರತಿ ಬಾಟಲಿಗೂ ಬಟ್ಟೆಚೀಲ ತೊಡಿಸಿ ಕುದಿಸುತ್ತಿದ್ದ. ನನಗೆ ಹೊದಿಕೆ ಸಿಕ್ಕಿದ್ದು ಒಡೆದ ಮೇಲೆ. ಅದೂ ಹೋದ ವಾರದ ಪೇಪರು.

ಹಳೇ ಗಾಯಗಳೇನಾದರೂ?

ಮೂರು ವರ್ಷ ಸ್ಟೀಲ್ ಸ್ಕ್ರಬ್ಬರಿನಲ್ಲಿ ಉಜ್ಜಿಸಿಕೊಂಡಿದ್ದೇನೆ. ಗಾಳಿಗುಳ್ಳೆ ಬಿಡಿಸಲು ಚಾಕು ಆಡಿಸುತ್ತಿದ್ದರು. ಮರದ ಸೌಟಿನ ಹಿಡಿ ಸಾಕಿತ್ತು. ಕಣ್ಣಿಗೆ ಕಾಣದ ಆ ಗೀರಿನಿಂದಲೇ ಬಿರುಕು ಹೊರಡುವುದು.

ಅಟ್ಟದ ಮೇಲಿನ ಪಿಂಗಾಣಿ ಭರಣಿ ಮಾತ್ರ ಅಜ್ಜಿಯ ಕಾಲದಿಂದಲೂ ಗಟ್ಟಿ.

ಅದರ ಜಂಬ ಕೇಳಬೇಡಿ. ಅಜ್ಜಿ ಉಪ್ಪುನೀರು ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಅಪ್ಪೆಮಿಡಿ ಮೇಲೆ ಹೊಯ್ಯುತ್ತಿದ್ದರು. ಬಿಸಿಯನ್ನೇ ಕಾಣದವರು ಬಿಸಿ ಗೆದ್ದ ಕಥೆ ಹೇಳುತ್ತಾರೆ! ಜಾಮನ್ನು ಹಾಗೆ ಆರಿಸಿ ತುಂಬುವಂತಿಲ್ಲ, ಬೂಸಲು ಹಿಡಿಯುತ್ತದೆ.

(ಹೊರಗೆ ಕಸದ ಗಾಡಿಯ ಹಾಡು.)

ಕೊನೆಯ ಆಸೆ?

ಪೇಪರಿನ ಮೇಲೆ ದೊಡ್ಡದಾಗಿ ‘ಗಾಜು’ ಅಂತ ಬರೆಸಿ. ಕಸಕ್ಕೆ ಕೈ ಹಾಕುವವರು ಈ ಮನೆಯ ಜಾಮು ತಿಂದವರಲ್ಲ.